ಕರೆಂಟ್ ಕುಡಿಯುವ ಗಾಡಿ

ನಮ್ಮ ಮನೆಯ ಸಾಮಾನು ಯಾವುದೂ ನಾಲ್ಕು ಜನರ ಮನೆಯ ಸಾಮಾನಿನ ಹಾಗೆ ನೆಟ್ಟಗೆ ಕೆಡುವುದಿಲ್ಲ. ಗೋಡೆ ಗಡಿಯಾರ ನಿಂತರೆ ಬೀಗರು ಎದ್ದು ಹೊರಡುವ ಹೊತ್ತಿಗೇ ನಿಲ್ಲುತ್ತದೆ, ಅವರು "ಇನ್ನೂ ಭಾಳ ಹೊತ್ತದ" ಅಂತ ಮತ್ತೆ ಕುಳಿತುಬಿಡುತ್ತಾರೆ. ಮಿಕ್ಸರ್ ನಮ್ಮ ಕೈಯಲ್ಲಿ ವರ್ಷಗಟ್ಟಲೆ ಸುಮ್ಮನೆ ತಿರುಗಿ, ಪಕ್ಕದ ಮನೆಯವರು ಎರವಲು ಒಯ್ದ ದಿನ ಸುಡುತ್ತದೆ. ಹೀಗಿರುವಾಗ ಪಿಕಪ್ ಗಾಡಿ ಒಂದು ಹೇಗೆ ನೆಟ್ಟಗಿದ್ದೀತು?

ನಾನು ಚಿತ್ತಾಪುರದಲ್ಲಿ ಮದುವೆ, ಮುಂಜಿವೆ, ಸತ್ಯನಾರಾಯಣ ಪೂಜೆಗಳಿಗೆ ಅಡುಗೆ ಮಾಡಿಸಿಕೊಡುತ್ತೇನೆ. ಅಡುಗೆ ನಂದು, ಗಾಡಿ ನಮ್ಮ ಯಜಮಾನರದು. ಅತ್ತೆಯವರು ಕಟ್ಟೆಯ ಮೇಲೆ ಕುಳಿತು, ಒಳಗೆ ಕುದಿಯುವ ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ವಾಸನೆಯಲ್ಲೇ ಹೇಳುತ್ತಾರೆ. ಸೇಡಂ, ಶಹಾಬಾದ, ವಾಡಿ, ಚಿಂಚೋಳಿ ಎಲ್ಲ ಕಡೆ ಪಾತ್ರೆ ಹೇರಿಕೊಂಡು ಹೋಗಬೇಕಲ್ಲ, ಅದಕ್ಕಾಗಿ ಹಳೆಯದೊಂದು ಪಿಕಪ್ ತೆಗೆದುಕೊಂಡೆವು. ದಿನಾ ಓಡಿಸಿದರೆ ಅದರದು ಒಂದು ತಕರಾರಿಲ್ಲ. ಎರಡು ಮೂರು ದಿನ ಮನೆ ಮುಂದೆ ನಿಂತಿತೋ, ಬ್ಯಾಟರಿ ಸತ್ತು ಬಿದ್ದಿರುತ್ತಿತ್ತು.

ಬಾಳೆ ಎಲೆ ಹಚ್ಚಿ ದೂಡಿದ್ದು

ಮೊದಲ ಸಲ ಹೀಗಾದದ್ದು ಸೇಡಂನ ಒಂದು ಮುಂಜಿವೆಗೆ ಹೊರಟ ಬೆಳಿಗ್ಗೆ. ಹಂಡೆ, ಪಾತೇಲಿ, ತರಕಾರಿ ಎಲ್ಲ ಹೇರಿ ಆಗಿತ್ತು. ಯಜಮಾನರು ಕೀಲಿ ತಿರುವಿದರು. ಗಾಡಿ "ಕಟ್ ಕಟ್" ಅಂತ ಹಲ್ಲು ಕಡಿದು ಸುಮ್ಮನಾಯಿತು.

"ಥಂಡಿ ಹತ್ಯದ," ಅಂದರು ಯಜಮಾನರು. "ಥಂಡಿಯೊಳಗ ಗಾಡಿಗೋಳು ಹಿಂಗs ಮಾಡ್ತಾವ."

ಅದು ಚಿತ್ತಾಪುರದ ಮೇ ತಿಂಗಳು. ನಾನು ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ನಿಂತಿದ್ದೆ.

ದೂಡುವುದೊಂದೇ ದಾರಿ. ಓಣಿಯವರು ಬಂದರು, ಆದರೆ ಬಂದವರಲ್ಲಿ ದೂಡುವವರಿಗಿಂತ "ಎಡಕ್ಕ ತಗೋರಿ, ಬಲಕ್ಕ ತಗೋರಿ" ಅನ್ನುವವರೇ ಹೆಚ್ಚು. ಅಷ್ಟರಲ್ಲಿ ಗುಡಿಯ ಆಚಾರ್ಯರು ಒದ್ದೆ ಪಂಚೆಯಲ್ಲಿ ತುಂಬಿದ ಕೊಡ ಹಿಡಿದು ಬಂದರು. ಪಾಪ, ಭಾಳ ಒಳ್ಳೆಯ ಮನುಷ್ಯರು. ಕೊಡ ಕಟ್ಟೆಯ ಮೇಲಿಟ್ಟು, "ನಾ ಮಡಿಯೊಳಗ ಇದ್ದೀನಿ, ಗಾಡಿಗೆ ಕೈ ಹಚ್ಚಂಗಿಲ್ಲ. ಆದ್ರ ಮುಂಜಿವಿ ಕೆಲಸ, ಸುಮ್ಮನ ಹ್ಯಾಂಗ ನಿಂದ್ರಲಿ?" ಅಂದರು. ಸ್ವಲ್ಪ ಯೋಚನೆ ಮಾಡಿ, ನಮ್ಮ ಎಲೆಯ ಕಟ್ಟಿನಿಂದ ಒಂದು ಬಾಳೆ ಎಲೆ ಎಳೆದು ಗಾಡಿಯ ಹಿಂದಿನ ಬಾಗಿಲಿಗೆ ಹಚ್ಚಿ, ಆ ಎಲೆಯ ಮೇಲೆ ಎರಡೂ ಕೈ ಇಟ್ಟರು. "ಹಸೀ ಎಲಿಗೆ ಮೈಲಿಗಿ ಇಲ್ಲ," ಅಂತ ಶಾಸ್ತ್ರವನ್ನೂ ಹೇಳಿದರು.

ಅವರು ದೂಡಿದ ರಭಸಕ್ಕೆ ಗಾಡಿ ಓಣಿಯ ತಿರುವು ಮುಟ್ಟುವ ಮೊದಲೇ ಗುಡುಗಿ ಶುರುವಾಯಿತು. ಜೊತೆಗೆ ಹೊಟ್ಟೆಯಲ್ಲಿದ್ದ ಹೊಗೆಯನ್ನೆಲ್ಲ ಒಮ್ಮೆಲೇ ಹಿಂದಕ್ಕೆ ಬಿಟ್ಟಿತು. ಹೊಗೆ ಚದುರಿದಾಗ ನೋಡಿದರೆ ಆಚಾರ್ಯರು ಎಲೆ ಹಿಡಿದುಕೊಂಡೇ ನಿಂತಿದ್ದರು. ಎಲೆ ಹಸಿರಾಗಿತ್ತು, ಆಚಾರ್ಯರು ಕಪ್ಪಾಗಿದ್ದರು. ಬೇಜಾರು ಮಾಡಿಕೊಳ್ಳಲಿಲ್ಲ. ಕೊಡದ ನೀರನ್ನು ಅಲ್ಲೇ ತಲೆಯ ಮೇಲೆ ಸುರಿದುಕೊಂಡು, ಮತ್ತೆ ನೀರಿಗೆ ಹೋದರು.

ನಮ್ಮಲ್ಲಿ ಯಾರೂ ಕುಡಿಯುವುದಿಲ್ಲ

ಎರಡನೆಯ ಸಲ, ಮೂರನೆಯ ಸಲವೂ ಹಾಗೇ ಆದ ಮೇಲೆ ಥಂಡಿಯ ಮಾತು ನಿಂತಿತು. "ಬ್ಯಾಟ್ರಿ ಮುದುಕ ಆಗ್ಯದ," ಅಂತ ಯಜಮಾನರು ಶಹಾಬಾದಕ್ಕೆ ಹೋಗಿ ಹೊಸ ಬ್ಯಾಟರಿ ಹಾಕಿಸಿಕೊಂಡು ಬಂದರು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದೆವು. ಹೊಸ ಬ್ಯಾಟರಿ ಮೂರು ದಿನ ಬಾಳಿತು.

ಯಜಮಾನರು ಸಿಟ್ಟಿನಿಂದ ಮತ್ತೆ ಅದೇ ಅಂಗಡಿಗೆ ಹೋದರು. ನಾನೂ ಜೊತೆಗಿದ್ದೆ, ಯಾಕೆಂದರೆ ಅವರಿಗೆ ಸಿಟ್ಟು ಬಂದಾಗ ಮಾತು ತೊದಲುತ್ತದೆ. ಅಂಗಡಿಯವನು ಪುಣ್ಯಾತ್ಮ, ಕಲ್ಲಿನ ಪಾಲಿಶ್ ಮಷೀನಿನ ಗದ್ದಲದಲ್ಲಿ ಹುಟ್ಟಿ ಬೆಳೆದವನು, ಎದುರಿಗಿದ್ದವರ ಹತ್ತಿರವೂ ಊರಿಗೆಲ್ಲ ಕೇಳುವ ಹಾಗೆ ಮಾತಾಡುತ್ತಿದ್ದ. ಬ್ಯಾಟರಿಗೆ ಮೀಟರ್ ಹಚ್ಚಿ ನೋಡಿ ಕೂಗಿದ:

"ಬ್ಯಾಟ್ರಿ ಒಂದs ನಂಬರ್ ಅದರಿ. ನಿಮ್ಮದs ಕುಡೀತದ."

ರಸ್ತೆಯಲ್ಲಿ ಹೋಗುವವರು ತಿರುಗಿ ನೋಡಿದರು. ಯಜಮಾನರು ಕೆಂಪಾದರು. "ನೋಡ್ರಿ, ನಾವು ವೈಷ್ಣವರು. ಉಳ್ಳಾಗಡ್ಡಿ ಸೈತ ಮುಟ್ಟಂಗಿಲ್ಲ. ನಮ್ಮ ಮನ್ಯಾಗ ಯಾರೂ ಕುಡಿಯಂಗಿಲ್ಲ."

"ನಿಮ್ಮ ಮಂದಿ ಅಲ್ರಿ ಯಪ್ಪಾ, ಗಾಡಿ. ನೀವು ಕೀಲಿ ತಗದು ಮಲಗಿದ ಮ್ಯಾಲೂ ಅದು ಕರೆಂಟ್ ಕುಡಿಯಾಕತ್ತದ. ದಿನಾ ಸ್ವಲ್ಪ ಸ್ವಲ್ಪ. ಎಲ್ಲಿ ಕುಡೀತದ ಅಂತ ಕಂಡುಹಿಡೀರಿ."

ನಾವು ಗಾಡಿ ಹತ್ತುವಾಗ ಪಕ್ಕದ ಚಹದ ಅಂಗಡಿಯ ಅಜ್ಜ ನನ್ನನ್ನು ಕರೆದು ಮೆಲ್ಲಗೆ ಹೇಳಿದ: "ಯವ್ವಾ, ಧೈರ್ಯ ಬಿಡಬ್ಯಾಡ. ನನ್ನ ಮಗಾನೂ ದಿನಾ ಸ್ವಲ್ಪ ಸ್ವಲ್ಪ ಕುಡೀತಿದ್ದ. ಮದ್ವಿ ಮಾಡಿದ ಮ್ಯಾಲೆ ಬಿಟ್ಟ."

ಇಳುಕಲು ಅದನೇನ್ರಿ

ರೋಗ ಗೊತ್ತಾಯಿತು, ಜಾಗ ಗೊತ್ತಾಗಲಿಲ್ಲ. ಅಷ್ಟರಲ್ಲಿ ಯಜಮಾನರು ತಮ್ಮದೇ ಒಂದು ಉಪಾಯ ಹುಡುಕಿಕೊಂಡರು. ಗಾಡಿಯನ್ನು ಎಲ್ಲಿ ನಿಲ್ಲಿಸಿದರೂ ಇಳುಕಲಿನ ತುದಿಯಲ್ಲಿ ನಿಲ್ಲಿಸುವುದು. ಬ್ರೇಕ್ ಬಿಟ್ಟರೆ ತಾನೇ ಇಳಿಯುತ್ತದೆ, ಇಳಿದರೆ ತಾನೇ ಶುರುವಾಗುತ್ತದೆ. ಯಾರ ಕೈಕಾಲೂ ಹಿಡಿಯಬೇಕಾಗಿಲ್ಲ.

ಆಮೇಲಿಂದ ಅವರ ಕಣ್ಣಿಗೆ ಊರೆಂದರೆ ಬರೀ ಏರು ಇಳುಕಲು. ಯಾರಾದರೂ "ಸೇಡಂನ ಆ ಮನಿ ಭಾಳ ಛಲೋ ಕಟ್ಯಾರ" ಅಂದರೆ, "ಮನಿ ಇರ್ಲಿ, ಅದರ ಮುಂದಿನ ಇಳುಕಲು ನೋಡೀರೇನು?" ಅನ್ನುತ್ತಿದ್ದರು. ಮನೆಯ ಎದುರಿನ ರಸ್ತೆ ಚಪ್ಪಟೆ ಇದೆಯೆಂದು ಗಾಡಿಯನ್ನು ಎರಡು ಓಣಿ ಆಚೆ ಬೇರೆಯವರ ಮನೆ ಮುಂದೆ ನಿಲ್ಲಿಸತೊಡಗಿದರು. ನಾನು ಹಂಡೆ ಹೊತ್ತು ಅಲ್ಲಿಯ ತನಕ ನಡೆಯಬೇಕು.

ಒಂದು ದಿನ ಶಹಾಬಾದದಿಂದ ಯಾರೋ ಮಗನ ಮದುವೆಯ ಅಡುಗೆ ಕೇಳಲು ಫೋನ್ ಮಾಡಿದರು. ಯಜಮಾನರೇ ಎತ್ತಿಕೊಂಡರು. ಎಷ್ಟು ಎಲೆ, ಏನು ಸಿಹಿ, ಯಾವ ಮುಹೂರ್ತ, ಒಂದೂ ಕೇಳಲಿಲ್ಲ.

"ಮಂಟಪ ಇಳುಕಲಿನ್ಯಾಗ ಅದನೇನ್ರಿ?"

ಆ ಕಡೆಯವರು ಏನೋ ಅಂದರು.

"ಏರು ಇದ್ದರೂ ನಡೀತದ, ಗಾಡಿ ಹಿಂದಮುಂದ ಮಾಡಿ ನಿಲ್ಲಸ್ತೀನಿ. ಬರೋಬರ್ ಸಪಾಟ ಇದ್ದರ ಮಾತ್ರ ನಮಗ ಆಗಂಗಿಲ್ರಿ."

ನಾನು ಓಡಿ ಬಂದು ಫೋನ್ ಕಸಿದುಕೊಂಡೆ. ಆ ಕಡೆ ಹೆಣ್ಣುಮಗಳೊಬ್ಬಳು ಗಂಡನಿಗೆ ಹೇಳುವುದು ಕೇಳಿಸುತ್ತಿತ್ತು: "ಅಡಗಿಯವರಿಗೆ ಫೋನ್ ಹಚ್ರಿ ಅಂದ್ರ ಗಟಾರ ತೋಡೋರಿಗೆ ಹಚ್ಚೀರೇನು?"

ಚಿಂಚೋಳಿಯ ಮದುಮಗ

ಚಿಂಚೋಳಿಯ ಮದುವೆ ದೊಡ್ಡದು. ದೇವರ ಕಾರ್ಯದಿಂದ ಹಿಡಿದು ನಾವು ಮೂರು ದಿನ ಅಲ್ಲೇ ಇದ್ದೆವು, ಗಾಡಿ ಮಂಟಪದ ಮುಂದೆ ನಿಂತೇ ಇತ್ತು. ಅಲ್ಲಿ ಇಳುಕಲು ಇರಲಿಲ್ಲ. ಆದದ್ದು ಹೇಳಬೇಕಾಗಿಲ್ಲ.

ಊಟ ಎಲ್ಲರಿಗೂ ಹಿಡಿಸಿತ್ತು. ಹೆಣ್ಣಿನ ಕಡೆಯ ಹಿರಿಯರು ಸಂತೋಷಪಟ್ಟು ನಮ್ಮ ಮನೆಯವರಿಗೆ ಹಳದಿ ರುಮಾಲು ಸುತ್ತಿಸಿ, ಶಾಲು ಹೊದಿಸಿ, ಕೊರಳಿಗೆ ಮೊಣಕಾಲಿನ ತನಕ ಬರುವ ಹೂವಿನ ಹಾರ ಹಾಕಿ ಸನ್ಮಾನ ಮಾಡಿದರು. ಅವರು ಆ ವೇಷದಲ್ಲೇ ಗಾಡಿ ಹತ್ತಿದರು. ತೆಗೆದಿಡ್ರಿ ಅಂದರೆ, "ಇರ್ಲಿ ಬಿಡು, ಊರಾಗ ನಾಕು ಮಂದಿ ನೋಡ್ಲಿ," ಅಂದರು. ಕೀಲಿ ತಿರುವಿದರು. ಕಟ್ ಕಟ್.

ಬೀಗರ ಕಡೆಯ ಗಂಡಸರು ನಗುತ್ತ ಬಂದು ಹಿಂದಿನಿಂದ ದೂಡತೊಡಗಿದರು. ಮಂಟಪದ ಬಾಗಿಲಲ್ಲಿ ಬ್ಯಾಂಡಿನವರು ಮದುಮಗನ ಮೆರವಣಿಗೆಗೆಂದು ಕಾದು ಕಾದು ಬೇಸತ್ತು ನಿಂತಿದ್ದರು. ಹಾರ ಹಾಕಿಕೊಂಡವನೊಬ್ಬ ಗಾಡಿಯಲ್ಲಿ ಕುಳಿತು ನಿಧಾನಕ್ಕೆ ಬರುವುದನ್ನು ಕಂಡದ್ದೇ ತಡ, ಡೋಲು ಬಾರಿಸಿಬಿಟ್ಟರು. ಡೋಲು ಕೇಳಿ ಒಳಗಿದ್ದ ಹುಡುಗರೆಲ್ಲ ಹೊರಗೆ ಬಂದು ಗಾಡಿಯ ಮುಂದೆ ಕುಣಿಯಲು ನಿಂತರು.

ದೂಡಿ ಶುರು ಮಾಡಬೇಕೆಂದರೆ ಗಾಡಿಗೆ ಸ್ವಲ್ಪ ಓಟ ಬೇಕು. ಮುಂದೆ ಕುಣಿಯುವವರು ಸರಿಯಲಿಲ್ಲ, ಹಿಂದೆ ದೂಡುವವರು ಬಿಡಲಿಲ್ಲ. ಯಜಮಾನರು ಕಿಟಕಿಯಿಂದ ಕೈ ಹೊರಗೆ ಹಾಕಿ "ಸರೀರಿ, ಸರೀರಿ" ಅಂತ ಬೀಸಿದರೆ, ಮದುಮಗ ಕೈ ಬೀಸಿದ ಅಂತ ಇನ್ನೂ ಜೋರಾಗಿ ಕುಣಿದರು. ಯಾರೋ ಅಕ್ಷತೆ ಎಸೆದರು. ಹೀಗೆ ನಮ್ಮ ಗಾಡಿ ಬಸ್ ಸ್ಟ್ಯಾಂಡಿನ ತನಕ ಮೆರವಣಿಗೆ ಹೋಯಿತು.

ಅಲ್ಲಿ ತೆಲುಗು ಮಾತಾಡುವ ಮುದುಕಿಯೊಬ್ಬಳು ಆರತಿ ತಟ್ಟೆ ಹಿಡಿದು ಬಂದಳು. ಕಿಟಕಿಯೊಳಗೆ ಇಣುಕಿ ನಮ್ಮವರ ನರೆತ ಮೀಸೆ, ಬೆವರಿದ ಬೋಳುತಲೆಯಿಂದ ಜಾರಿದ ರುಮಾಲು, ಎಲ್ಲ ನೋಡಿದಳು. ಆಮೇಲೆ ಪಕ್ಕದಲ್ಲಿ ನಡೆಯುತ್ತಿದ್ದ ನನ್ನನ್ನು ಕೇಳಿದಳು: "ಪೆಳ್ಳಿಕೊಡುಕು ಇತನೇನಾ ಅಮ್ಮಾ?"

ಮದುಮಗ ಇವನೇ ಏನು ಅಂತ. ನಾನು ನಗು ತಡೆಯಲಾಗದೆ ಹೌದೆಂದು ಗೋಣು ಹಾಕಿದೆ. ಮುದುಕಿ ಆರತಿ ಎತ್ತಿ, ತಟ್ಟೆ ಕೆಳಗಿಳಿಸಿ, ನನ್ನ ಕಿವಿಯ ಹತ್ತಿರ ಬಂದು ಕನ್ನಡದಲ್ಲೇ ಹೇಳಿದಳು: "ಹುಡುಗಿಗಿ ಭಾಳ ಅನ್ಯಾಯ ಮಾಡ್ಯಾರ."

"ನನಗೂ ಹಂಗs ಅನಸ್ತದ ಆಯಿ," ಅಂದೆ.

ವಾಡಿಯಿಂದ ಬರುವಾಗ

ಚಿಂಚೋಳಿಯ ಸುದ್ದಿ ನಮಗಿಂತ ಮೊದಲೇ ಊರು ಮುಟ್ಟಿತ್ತು. ಸೇಡಂನಲ್ಲಿ ಒಂದು ದೊಡ್ಡ ಮನೆಯ ಮದುವೆ ನಮಗೆ ಬರುವುದಿತ್ತು. ಅವರು ಫೋನ್ ಮಾಡಿ, "ಅಡಗಿ ಬಗ್ಗೆ ಮಾತಿಲ್ಲ. ಗಾಡಿ ಬರ್ತದ ಅಂತ ಖಾತ್ರಿ ಇದ್ದರ ಹೇಳ್ರಿ, ಇಲ್ಲಂದ್ರ ಬ್ಯಾರೆಯವರಿಗೆ ಹೇಳ್ತೀವಿ," ಅಂದರು. ಆ ಒಂದು ಮದುವೆ ತಪ್ಪಿದರೆ ಆ ಬಳಗದ ಹತ್ತು ಮನೆ ತಪ್ಪುತ್ತವೆ. ಆವತ್ತು ಯಜಮಾನರು ಊಟ ಅರ್ಧಕ್ಕೆ ಬಿಟ್ಟು ಎದ್ದರು.

ವಾಡಿಯಲ್ಲಿ ಗಾಡಿಗಳ ವೈರಿಂಗ್ ಮಾಡುವ ಉಸ್ತಾದ್ ಒಬ್ಬರಿದ್ದಾರೆ. ಮಾತು ದೊಡ್ಡದು, ಮನಸ್ಸೂ ದೊಡ್ಡದು. "ಫಿಕರ್ ಮಾಡಬ್ಯಾಡ್ರಿ ಅಕ್ಕಾ. ಚಾ ಬರೂದರೊಳಗ ಚೋರನ್ನ ಹಿಡೀತೀನಿ," ಅಂದರು. ಬ್ಯಾಟರಿಯ ಒಂದು ವೈರ್ ಬಿಚ್ಚಿ ನಡುವೆ ಮೀಟರ್ ಕಟ್ಟಿದರು. ಗಾಡಿ ಬಂದ್ ಆಗಿದ್ದರೂ ಮೀಟರ್ ಏನೋ ತೋರಿಸುತ್ತಿತ್ತು. "ನೋಡ್ರಿ, ಕುಡಿಯಾಕತ್ತದ. ಈಗ ಒಂದೊಂದೇ ಫ್ಯೂಸ್ ಕೀಳ್ತೀನಿ. ಯಾವುದು ಕಿತ್ತಾಗ ಇದು ಕೆಳಗ ಬೀಳ್ತದೋ ಅದs ಚೋರ. ಬಾಗಿಲ ಯಾರೂ ತೆಗೀಬ್ಯಾಡ್ರಿ, ಒಳಗಿನ ಲೈಟ್ ಹತ್ತತದ, ಹಿಸಾಬ್ ಕೆಡ್ತದ."

ಒಂದು ಫ್ಯೂಸ್ ಕಿತ್ತರು. ಮೀಟರ್ ಭರ್ರನೆ ಮೇಲೇರಿತು. ಉಸ್ತಾದ್ ಗಾಬರಿಯಾಗಿ ನೋಡಿದರೆ, ಯಜಮಾನರು ಬಾಗಿಲು ತೆಗೆದು, "ಸಿಕ್ಕಾನೇನು?" ಅಂತ ಇಣುಕುತ್ತಿದ್ದರು. ಇನ್ನೊಂದು ಫ್ಯೂಸ್. ಮತ್ತೆ ಬಾಗಿಲು. "ಈಗ ಸಿಕ್ಕಾನೇನು?" ಕೊನೆಗೆ ಉಸ್ತಾದ್ ಅವರನ್ನು ಒಂದು ಸ್ಟೂಲಿನ ಮೇಲೆ ಕೂರಿಸಿ ಕೈಗೆ ಎರಡು ಕಪ್ಪು ಚಹ ಕೊಟ್ಟರು, ಎರಡೂ ಕೈ ತುಂಬಿರಲಿ ಅಂತ.

ಎಲ್ಲ ಫ್ಯೂಸ್ ಕಿತ್ತರೂ ಮೀಟರ್ ಜಗ್ಗಲಿಲ್ಲ. ಉಸ್ತಾದ್ ಹಿಂದಿನ ಲೈಟಿನ ವೈರುಗಳನ್ನೂ ಬಿಚ್ಚಿ ನೋಡಿದರು. ಕೊನೆಗೆ ಯಾವುದಕ್ಕೂ ಇರಲಿ ಅಂತ ಹಾಡಿನ ಟೇಪ್ ಕಿತ್ತು ಕೈಗೆ ಕೊಟ್ಟು, "ಇದರ ಮ್ಯಾಲೆ ನನಗ ಶಕ್ ಅದ," ಅಂದರು. ಶಕ್ ತಪ್ಪು ಅಂತ ಮೂರು ದಿನಕ್ಕೆ ಗೊತ್ತಾಯಿತು. ಟೇಪ್ ಇಲ್ಲದ ಮೇಲೆ ಯಜಮಾನರು ತಾವೇ ಹಾಡತೊಡಗಿದ್ದು ಬೇರೆ. ಅವರ ಹಾಡು ನಿಲ್ಲಿಸುವ ಫ್ಯೂಸ್ ಎಲ್ಲಿದೆಯೋ ನನಗೆ ಇವತ್ತಿಗೂ ಸಿಕ್ಕಿಲ್ಲ.

ಅವತ್ತು ವಾಪಸು ಬರುವಾಗ ರೈಲ್ವೆ ಗೇಟ್ ಹಾಕಿತ್ತು. ಯಜಮಾನರು ಬ್ರೇಕ್ ಒತ್ತಿದರು. ಕೂಡಲೇ ನಮ್ಮ ಗಾಡಿಯ ಹಿಂದಿನಿಂದ, ರಿವರ್ಸ್ ಬರುವಾಗ ಆಗುವ "ಪೀಂ ಪೀಂ" ಶುರುವಾಯಿತು. ಉಸ್ತಾದ್ ವೈರ್ ಜೋಡಿಸುವಾಗ ಬ್ರೇಕಿನದನ್ನು ರಿವರ್ಸಿಗೆ ಕಟ್ಟಿಬಿಟ್ಟಿದ್ದರು. ಹಿಂದಿದ್ದ ಆಟೋದವನು ಇವರು ಮೈಮೇಲೆ ಬರುತ್ತಾರೆಂದು ಹೆದರಿ ಹಿಂದೆ ಸರಿದ. ಅವನ ಹಿಂದಿನ ಟ್ರ್ಯಾಕ್ಟರ್ ಸರಿಯಿತು. ಅದರ ಹಿಂದಿದ್ದ ಜೀಪು ಸರಿದು ಹೊಲಕ್ಕೆ ಇಳಿಯಿತು. ಗೇಟ್ ತೆಗೆದಾಗ ಹೊರಟವರು ನಾವೊಬ್ಬರೇ.

ಚಿತ್ತಾಪುರದ ತನಕ ಪ್ರತಿ ಗುಂಡಿಗೂ ಬ್ರೇಕ್, ಪ್ರತಿ ಬ್ರೇಕಿಗೂ ಪೀಂ ಪೀಂ. ಯಜಮಾನರು ಕನ್ನಡಿಯಲ್ಲಿ ಹಿಂದೆ ನೋಡಿ ಖುಷಿಪಟ್ಟರು: "ಏನೇ ಅನ್ನು, ಉಸ್ತಾದ್ ಕೈ ಹಚ್ಚಿದ ಮ್ಯಾಲೆ ಗಾಡಿ ಪಿಕಪ್ ಭಾಳ ಸುಧಾರಿಸ್ಯದ. ಒಬ್ಬನಾದರೂ ನಮ್ಮ ಹಿಂದ ಬರಾಕತ್ತಾನೇನು ನೋಡು."

ಸೀಟಿನ ಕೆಳಗೆ

ಸೇಡಂನ ಮದುವೆ ಕೊನೆಗೆ ನಮಗೇ ಬಂತು, ಗಾಡಿ ಒಂದೇ ಕೀಲಿಗೆ ಎದ್ದು ಹೋಯಿತು, ಹೋಳಿಗೆ ಸಾಲದೆ ಎರಡನೆಯ ಸಲ ಕಣಕ ಕಲಸಿದೆವು. ಇದನ್ನು ಮೊದಲೇ ಹೇಳಿಬಿಟ್ಟೆ, ಯಾಕೆಂದರೆ ಅದಕ್ಕಿಂತ ಮುಂಚೆ ನಮ್ಮ ಮನೆ ಮುಂದೆ ನಡೆದದ್ದನ್ನು ಹೇಳುವಾಗ ನಡುವೆ ಬೇರೆ ಮಾತು ಬೇಡ.

ಟೇಪ್ ತೆಗೆದರೂ ಬ್ಯಾಟರಿ ಸತ್ತಿತು ಅಂತ ಕೇಳಿದಾಗ ಉಸ್ತಾದರಿಗೆ ಅವಮಾನವಾಯಿತು. ಮರುದಿನ ಬೆಳಿಗ್ಗೆ ವಾಡಿಯಿಂದ ತಾವೇ ಬಂದರು. ಮೊದಲು ಬ್ರೇಕಿನ ವೈರ್ ಸರಿ ಮಾಡಿದರು. ಆಮೇಲೆ ಬ್ಯಾಟರಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಬೆರಳಿನಿಂದ ಒಂದೊಂದೇ ವೈರ್ ಸವರುತ್ತ ಹೋದರು. ಒಂದು ಕಡೆ ಬೆರಳು ನಿಂತಿತು.

"ಅಕ್ಕಾ, ಇದು ಗಾಡಿ ವೈರ್ ಅಲ್ಲ. ಮನ್ಯಾಗ ಸೀರಿಯಲ್ ಲೈಟ್ ಕಟ್ಟತಾರಲ್ಲ, ಆ ವೈರ್. ಫ್ಯೂಸಿಗೆ ಹೋಗೇ ಇಲ್ಲ, ಸೀದಾ ಬ್ಯಾಟ್ರಿಗೆ ಕಟ್ಯಾರ. ಅದಕ್ಕs ನಾ ಎಷ್ಟು ಫ್ಯೂಸ್ ಕಿತ್ತರೂ ಸಿಗಲಿಲ್ಲ."

ವೈರ್ ಹಿಡಿದುಕೊಂಡು ಹೋದರು. ಅದು ಕಾಲಿನ ಮ್ಯಾಟಿನ ಕೆಳಗೆ ಹೊಕ್ಕು, ಡ್ರೈವರ್ ಸೀಟಿನ ಅಡಿಗೆ ಸೇರಿತ್ತು. ಉಸ್ತಾದ್ ಸೀಟು ಎತ್ತಿದವರು ಥಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡರು. ಅಲ್ಲೊಂದು ಕೆಂಪು ಬಟ್ಟೆಯ ಗಂಟು ಇತ್ತು.

"ನಾ ಮುಟ್ಟಂಗಿಲ್ರಿ. ಯಾರೋ ಏನೋ ಮಾಡಿಸಿ ಇಟ್ಟಾರ."

ಯಜಮಾನರು ಎರಡು ಹೆಜ್ಜೆ ಹಿಂದೆ ಸರಿದು ನನ್ನ ಬೆನ್ನಿಗೆ ನಿಂತರು. ಓಣಿಯವರು ಸೇರಿದರು. ನಾನೇ ಧೈರ್ಯ ಮಾಡಿ ಗಂಟು ಬಿಚ್ಚಿದೆ. ಒಳಗೆ ಅಂಗೈಯಗಲದ ಪ್ಲಾಸ್ಟಿಕ್ ಪೆಟ್ಟಿಗೆ, ಮಿಣುಕುವ ಕೆಂಪು ದೀಪ. ಕಿವಿಗೆ ಹಿಡಿದರೆ ಸೊಳ್ಳೆ ಹಾಡಿದ ಹಾಗೆ ಸಣ್ಣ ದನಿ: "ಗೋವಿಂದ, ಗೋವಿಂದ, ಗೋವಿಂದ..."

"ಮೈಲಿಗಿ ಕೈಲೆ ಯಾಕ ಮುಟ್ಟತೀರಿ ಅದನ್ನ?" ಅಂತ ಕಟ್ಟೆಯಿಂದ ಅತ್ತೆಯವರ ದನಿ ಬಂತು.

ಗಾಡಿ ಮನೆಗೆ ಬಂದ ವಾರದಲ್ಲೇ, ದೇವರ ಕೋಣೆಯ ಲೈಟ್ ರಿಪೇರಿಗೆ ಬಂದವನನ್ನು ಹಿಡಿದು ಅತ್ತೆಯವರು ಆ ಜಪದ ಪೆಟ್ಟಿಗೆ ಕಟ್ಟಿಸಿದ್ದರಂತೆ. ಮಗ ಬೇಡವೆಂದಾನು ಅಂತ ದನಿ ಸಣ್ಣದು ಮಾಡಿಸಿದ್ದರಂತೆ.

"ಅವ್ವಾ, ಕೀಲಿ ತಗದಾಗ ಬಂದ್ ಆಗೂ ಹಂಗ ಕಟ್ಟಸಬಾರದಿತ್ತೇನು?" ಅಂದರು ಯಜಮಾನರು.

"ನೀ ಕೀಲಿ ತಗದಿ ಅಂತ ದೇವರ ನಾಮ ನಿಂದ್ರತದೇನೋ? ಅಖಂಡ ನಡೀಬೇಕು ಅಂತ ನಾನs ಹೇಳೀನಿ."

"ಅದರಿಂದಲೇ ಗಾಡಿ ನಿಲ್ಲಾಕತ್ತಿತ್ತವ್ವಾ."

ಅತ್ತೆಯವರು ಒಂದಿಷ್ಟೂ ಹೆದರಲಿಲ್ಲ. "ಓಡೂ ಗಾಡಿ ಒಂದು ಸಲಾದರೂ ನಿಂತದೇನು, ಹೇಳು. ನಿಂತ ಗಾಡಿ ಓಡಿಲ್ಲ, ಅಷ್ಟs. ನಿಂತ ಗಾಡಿಯಿಂದ ಯಾರಿಗಾರ ಅಪಘಾತ ಆಗ್ಯದೇನು?"

ಉಸ್ತಾದ್ ತಲೆ ಕೆರೆದುಕೊಂಡರು. "ಅಮ್ಮಾರ ಮಾತು ಬರೋಬರ್ ಅದರಿ," ಅಂತ ಹೇಳಿ ಕಟರ್ ತೆಗೆದು ವೈರ್ ಕತ್ತರಿಸಿದರು. ದೀಪ ಆರಿತು, ಗೋವಿಂದ ನಿಂತಿತು, ಮೀಟರ್ ಸೊನ್ನೆಗೆ ಬಂತು. ಓಣಿಯವರು ಚಪ್ಪಾಳೆ ತಟ್ಟಿದರು.

ಯಜಮಾನರು ಮಾತ್ರ ಪೆಟ್ಟಿಗೆ ಕೈಯಲ್ಲಿ ಹಿಡಿದು ಹಾಗೇ ನಿಂತಿದ್ದರು. ಮುಖ ಒಂಥರಾ ಆಗಿತ್ತು.

"ಏನಾತ್ರಿ?" ಅಂತ ಕೇಳಿದೆ.

"ಸನ್ನತಿಯೊಳಗ ಮಾತಾಡಿದ್ದು ಇದೇನು?" ಅಂದರು.

ಮದುವೆಯಾದಾಗಿನಿಂದ ನಾನು ಬಿಡಿಸಲು ಹೆಣಗಿದ್ದು ಒಂದೇ, ಅವರ ತಂಬಾಕು. ಬೈದೆ, ಕಣ್ಣೀರು ಹಾಕಿದೆ, ಮಾತು ಬಿಟ್ಟೆ, ಆಣೆ ಹಾಕಿಸಿದೆ. ಒಂದೂ ನಡೆಯಲಿಲ್ಲ. ಆದರೆ ಸನ್ನತಿಯ ಗುಡಿಯ ಹತ್ತಿರ ಒಂದು ಅಡುಗೆ ಮುಗಿಸಿ ಬಂದ ದಿನದಿಂದ ತಾವಾಗಿಯೇ ಬಿಟ್ಟುಬಿಟ್ಟರು. ಕಾರಣ ಹೇಳಲಿಲ್ಲ. ನಾನು ನನ್ನ ತಪಸ್ಸು ಫಲಿಸಿತೆಂದು ತವರಿಗೆಲ್ಲ ಫೋನ್ ಮಾಡಿ ಹೇಳಿದ್ದೆ.

ಈಗ ಹೇಳಿದರು. ಅವತ್ತು ಊಟ ಬಡಿಸಿದ ಮೇಲೆ ಸುಸ್ತಾಗಿ ಗಾಡಿಯೊಳಗೆ ಸೀಟಿನ ಮೇಲೆ ಅಡ್ಡಾಗಿದ್ದರಂತೆ. ಎಲ್ಲ ಕಡೆ ಬಿಸಿಲು, ಒಂದು ಸದ್ದಿಲ್ಲ. ಮಲಗಿಕೊಂಡೇ ಅಂಗೈಯಲ್ಲಿ ತಂಬಾಕು ತಿಕ್ಕಿ ಬಾಯಿಗೆ ಒಯ್ಯುವಷ್ಟರಲ್ಲಿ, ಕಿವಿಯ ಕೆಳಗಿನಿಂದ ಯಾರೋ ಮೆಲ್ಲಗೆ ಗೋವಿಂದ ಅಂದರಂತೆ. ಎದ್ದು ನೋಡಿದರೆ ಯಾರೂ ಇಲ್ಲ. ಮತ್ತೆ ಮಲಗಿ ಬಾಯಿಗೆ ಒಯ್ದರೆ ಮತ್ತೆ ಗೋವಿಂದ.

"ದೇವರ ಹೆಸರು ಅಂತ ತಿಳ್ಕೋಬೇಕಿಲ್ರಿ," ಅಂದರು ಉಸ್ತಾದ್.

"ಹ್ಯಾಂಗ ತಿಳ್ಕೋಬೇಕು? ಆರತಿ ಹೊತ್ತಿನ್ಯಾಗ ಅಂದಿದ್ದರ ದೇವರ ಹೆಸರು. ತಂಬಾಕು ಬಾಯಿಗೆ ಒಯ್ಯೂ ಹೊತ್ತಿನ್ಯಾಗ ಗೋವಿಂದ ಅಂದ್ರ, ನನ್ನ ಕಥಿ ಮುಗೀತು ಅಂತ ಮ್ಯಾಲಿನವರು ಹೇಳಾಕತ್ತಾರ ಅನ್ಕೊಂಡೆ. ಪುಡಿ ಅಲ್ಲೇ ಚೆಲ್ಲಿದೆ."

ಓಣಿಯವರು ನಕ್ಕರು. ಉಸ್ತಾದ್ ಹೊಟ್ಟೆ ಹಿಡಿದುಕೊಂಡು ಗಾಡಿಗೆ ಒರಗಿದರು. ಯಜಮಾನರಿಗೂ ದೊಡ್ಡ ಭಾರ ಇಳಿದ ಹಾಗಾಗಿ ಮುಖ ಅರಳಿತು. "ಅಯ್ಯೋ, ಬರೇ ಪೆಟ್ಟಿಗೆ. ನಾ ಸುಮ್ಮನ ಹೆದರಿ ಸತ್ತೆ," ಅಂತ ಪೆಟ್ಟಿಗೆಯನ್ನು ನನ್ನ ಕೈಗಿಟ್ಟು, ಅಂಗಿ ಸರಿ ಮಾಡಿಕೊಂಡು, ಓಣಿಯ ತುದಿಯ ಪಾನ್ ಅಂಗಡಿಯ ಕಡೆ ಹೊರಟರು.

ನಾನು ಪೆಟ್ಟಿಗೆಯನ್ನು ಉಸ್ತಾದರ ಕೈಗೆ ಕೊಟ್ಟೆ.

"ಉಸ್ತಾದ್, ಆ ವೈರ್ ಮೊದಲು ಇದ್ದಂಗs ಜೋಡಸ್ರಿ. ದನಿ ಸ್ವಲ್ಪ ದೊಡ್ಡದು ಮಾಡ್ರಿ. ಗಾಡಿ ನಿಲ್ಲಬಾರದಂದ್ರ ಇದಕ್ಕs ಬ್ಯಾರೆ ಒಂದು ಬ್ಯಾಟ್ರಿ ಹಾಕ್ರಿ."